ಮೇಕೆದಾಟು: ‘ಗ್ರೀನ್ ಸಿಗ್ನಲ್’ ಸಿಕ್ಕಿದ್ದು ಯಾವುದಕ್ಕೆ?

2025ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆದೇಶ ಬಂದಾಗ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಒಂದೇ ಸಾಲು ಓಡಾಡ್ತಿತ್ತು: ‘ಮೇಕೆದಾಟುಗೆ ಗ್ರೀನ್ ಸಿಗ್ನಲ್’. ‘ಚಿಕ್ಕಪ್ಪ, ಸ್ವಲ್ಪ ತಡೀರಿ’ ಅಂದಿದ್ದಕ್ಕೆ ನಾನು ಚೆನ್ನಾಗಿ ಬೈಸಿಕೊಂಡೆ. ಹಾಗಾಗಿ ಈ ಸಂಚಿಕೆ.

ಕೋರ್ಟ್ ಹೇಳಿದ್ದು ಇಷ್ಟೇ: ಯೋಜನೆ ಇನ್ನೂ ಡಿಪಿಆರ್ ಹಂತದಲ್ಲಿದೆ, ತಮಿಳುನಾಡಿನ ಅರ್ಜಿ ಈಗಲೇ ಬಂದದ್ದು ಅಕಾಲಿಕ. ಅಂದರೆ ವರದಿ ಬರೆಯೋಕೆ ಅಡ್ಡಿಯಿಲ್ಲ. ಅಣೆಕಟ್ಟೆ ಕಟ್ಟೋಕೆ ಅನುಮತಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಈಗ ಲೆಕ್ಕ. 2019ರ ಡಿಪಿಆರ್ ಪ್ರಕಾರ ಜಲಾಶಯದ ಸಾಮರ್ಥ್ಯ 67.16 ಟಿಎಂಸಿ, ವಿದ್ಯುತ್ 400 ಮೆಗಾವ್ಯಾಟ್, ಖರ್ಚು ಸುಮಾರು 9,000 ಕೋಟಿ ರೂಪಾಯಿ. ಯೋಜನೆಗೆ ಬೇಕಾಗೋ ಜಾಗ 5,252 ಹೆಕ್ಟೇರ್. ಅದರಲ್ಲಿ 3,181 ಹೆಕ್ಟೇರ್ ಕಾವೇರಿ ವನ್ಯಜೀವಿಧಾಮದ್ದು. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆ ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ.

ಇಲ್ಲಿ ನಾನು ಮೊದಲು ಎಡವಿದ್ದೆ. 4.75 ಟಿಎಂಸಿಯನ್ನ 365ರಿಂದ ಭಾಗಿಸಿ, ದಿನಕ್ಕೆ ಸುಮಾರು 37 ಕೋಟಿ ಲೀಟರ್, ಇಷ್ಟಕ್ಕೆ ಅಷ್ಟು ದೊಡ್ಡ ಡ್ಯಾಮಾ ಅಂತ ನಕ್ಕಿದ್ದೆ. ತಪ್ಪು. ಆ 4.75 ನಿವ್ವಳ ಬಳಕೆ. ಕುಡಿಯೋ ನೀರಲ್ಲಿ ಶೇ 20 ಮಾತ್ರ ಖರ್ಚಾಗುತ್ತೆ, ಮಿಕ್ಕಿದ್ದು ವಾಪಸ್ ಹರಿಯುತ್ತೆ ಅನ್ನೋದು ನ್ಯಾಯಮಂಡಳಿಯ ಲೆಕ್ಕ. ಹಾಗೆ ನೋಡಿದ್ರೆ ಎತ್ತುವ ನೀರು 24 ಟಿಎಂಸಿ ಹತ್ತಿರ ಬರುತ್ತೆ. ಬಿ.ಕಾಂ ಓದಿದವನು ಗ್ರಾಸ್‌ಗೂ ನೆಟ್‌ಗೂ ವ್ಯತ್ಯಾಸ ಮರೆತಿದ್ದೆ, ನಾಚಿಕೆಗೇಡು.

ಆದರೂ 24ಕ್ಕೂ 67ಕ್ಕೂ ಅಂತರ ಉಳಿಯುತ್ತೆ. ಸರ್ಕಾರದ ಉತ್ತರ, ಇದು ಸಮತೋಲನ ಜಲಾಶಯ: ಮಳೆ ಜಾಸ್ತಿಯಾದ ವರ್ಷ ಹರಿದುಹೋಗೋ ನೀರನ್ನ ಹಿಡಿದಿಟ್ಟು, ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಬಿಡಬೇಕಾದ 177.25 ಟಿಎಂಸಿಯನ್ನ ಕಷ್ಟದ ತಿಂಗಳಲ್ಲೂ ಬಿಡಬಹುದು, ಜೊತೆಗೆ ಕರೆಂಟು. ವಾದದಲ್ಲಿ ಹುರುಳಿದೆ. ಆದರೆ ಅದೇ ಕೆಲಸ ಎತ್ತರ ಕಡಿಮೆಯಾದ ಕಟ್ಟೆಯಿಂದ ಎಷ್ಟು ಆಗುತ್ತೆ? ಕಾವೇರಿ ಐದನೇ ಹಂತದಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ವ್ಯವಸ್ಥೆ 2024ರಲ್ಲಿ ಮೇಕೆದಾಟು ಇಲ್ಲದೆಯೇ ಬಂತಲ್ಲ? ಕೆ.ಸಿ. ವ್ಯಾಲಿಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನ ಕೋಲಾರದ ಕೆರೆಗಳಿಗೆ ಕಳಿಸೋ ಯೋಜನೆ ಮಾಡಿದ ಊರು, ತನ್ನ ಮರುಬಳಕೆಯನ್ನ, ಪೈಪ್ ಸೋರಿಕೆಯನ್ನ ಎದುರಿಗೆ ಇಟ್ಟು ಹೋಲಿಸಿದೆಯಾ?

ಅಂಗಡಿಗೆ ಬೀರು ಕೊಳ್ಳಬೇಕಿದ್ರೂ ಮೂರು ಕೊಟೇಶನ್ ತರಿಸ್ತೀವಿ. 2006ರ ಇಐಎ ಅಧಿಸೂಚನೆ ಕೇಳೋದೂ ಅದನ್ನೇ. ವರದಿಯ ಐದನೇ ಅಧ್ಯಾಯದ ಹೆಸರೇ ಪರ್ಯಾಯಗಳ ವಿಶ್ಲೇಷಣೆ. 2019ರಲ್ಲಿ ಕೇಂದ್ರದ ತಜ್ಞರ ಸಮಿತಿ ಫೈಲನ್ನ ಮುಂದಕ್ಕೆ ಹಾಕಿದ್ದು ಇದೇ ಜಾಗದಲ್ಲಿ: ಇಷ್ಟು ಕಾಡು ಮುಳುಗುತ್ತೆ, ಬೇರೆ ಜಾಗ ನೋಡಿ, ಎರಡೂ ರಾಜ್ಯ ಮಾತಾಡಿಕೊಂಡು ಬನ್ನಿ ಅಂತ.

ಅನುಮತಿಗಳ ಸಾಲು ಉದ್ದ ಇದೆ. ಡಿಪಿಆರ್‌ಗೆ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಕೇಂದ್ರ ಜಲ ಆಯೋಗ. ಆಮೇಲೆ ಪರಿಸರ ಅನುಮತಿ, ಎರಡು ಹಂತದ ಅರಣ್ಯ ಅನುಮತಿ. ನನ್ನ ಪ್ರಕಾರ ಗಟ್ಟಿ ಗೋಡೆ ಅಂದ್ರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್. ವನ್ಯಜೀವಿಧಾಮದ ನೀರಿನ ಹರಿವು ಬದಲಿಸಬೇಕಾದ್ರೆ, ಅದು ಅಲ್ಲಿನ ವನ್ಯಜೀವಿಗಳ ಒಳಿತಿಗೇ ಅಗತ್ಯ ಅಂತ ಸರ್ಕಾರಕ್ಕೆ ಮನವರಿಕೆ ಆಗಬೇಕು. ಬೆಂಗಳೂರಿನ ಬಾಯಾರಿಕೆ ಅಲ್ಲಿ ಕಾರಣ ಆಗಲ್ಲ. ರ್‍ಯಾಲಿಗಳಲ್ಲಿ ಈ ಸೆಕ್ಷನ್ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಸಾರ್ವಜನಿಕ ವಿಚಾರಣೆ ಬಂದ್ರೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಡಿಸಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಕರಡು ವರದಿಯ ಜೊತೆ ಕನ್ನಡದ ಸಾರಾಂಶವೂ ಇರಬೇಕು. ಚಿಕ್ಕಪ್ಪ ಬರ್ತೀನಿ ಅಂದಿದ್ದಾರೆ. ಇಬ್ಬರೂ ಮೊದಲು ತೆಗೆದು ನೋಡೋದು ಐದನೇ ಅಧ್ಯಾಯ.