‘ನೀವಿಬ್ಬರೂ ಸಂಬಂಧದವರಾ?’

ಬಳ್ಳಾರಿ ಜಿಲ್ಲೆಯ ಕಂಪ್ಲಿ ಸುತ್ತಿನ ಗದ್ದೆಗಳಲ್ಲಿ ನಾಟಿ ಮುಗಿದು ನೀರು ನಿಂತಿತೆಂದರೆ ಬೆಳ್ಳಕ್ಕಿಗಳು ಬಂದಿಳಿಯುತ್ತವೆ, ಹಿಂದೆಯೇ ಸೊಳ್ಳೆ. ಜಪಾನಿ ಮೆದುಳು ಜ್ವರದ ವೈರಾಣು ಬೀಡುಬಿಡುವುದು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ. ಅದನ್ನು ಮಗುವಿಗೆ ತಲುಪಿಸುವುದು ಗದ್ದೆ ನೀರಲ್ಲಿ ಹುಟ್ಟಿದ ಸೊಳ್ಳೆ. 2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಇದರ ಲಸಿಕೆ ಅಭಿಯಾನ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ಬಳ್ಳಾರಿಯನ್ನೇ. ಈಗ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಹಾಕುತ್ತಾರೆ.

ಸಾದಾ ಜ್ವರದ ಮಗು ಮೈ ಕಾವು ಇಳಿದ ಕೂಡಲೇ ಆಟಕ್ಕೆ ಏಳುತ್ತದೆ. ಜ್ವರದ ಜೊತೆ ಫಿಟ್ಸ್ ಬಂದರೆ, ಕರೆದರೂ ಕಣ್ಣು ಬಿಡದ ಮಂಪರು ಕವಿದರೆ ಗಾಳಿ ಸೋಕಿದೆಯೆಂದು ತಾಯಿತಕ್ಕೆ ಓಡಬಾರದು, ಆಸ್ಪತ್ರೆಗೇ ಓಡಬೇಕು.

ಅಷ್ಟು ಗದ್ದಲ ಮಾಡದ ಕಾಯಿಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ ಇದೆ. ಇಷ್ಟು ಜನಕ್ಕಿರುವುದು ಕಾಯಿಲೆಯಂತೆ ಕಾಣುವುದೇ ಇಲ್ಲ, ತೊಡಕು ಅದೇ. ಗೋಡೆಯ ಮಣ್ಣು ಕೆರೆದು ತಿನ್ನುವುದು ಇದರ ಗುರುತಾಗಿರಬಹುದು, ಆದರೆ ಆ ಮಗುವಿಗೆ ಏಟು ಬೀಳುತ್ತದೆ, ರಕ್ತ ಪರೀಕ್ಷೆ ಆಗುವುದಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ ವಾರಕ್ಕೆರಡು ಬಾರಿ ಒಂದೊಂದು ಮಿಲಿ ಲೀಟರ್ ಕುಡಿಸಬೇಕು. ಮಲ ಕಪ್ಪಾಯಿತೆಂದು ಹೆದರಿ ಬಾಟಲಿಯನ್ನು ಮೂಲೆಗೆ ಇಡುವ ಮನೆಗಳಿವೆ. ಕಪ್ಪಾಗುವುದು ಸಹಜ. ಅನ್ನ ಉಂಡ ಕೂಡಲೇ ಚಹಾ ಕೊಡುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಸಂಡೂರಿನ ಅದಿರು ಲಾರಿಗಳ ಧೂಳಿಗೆ ಗುಂಯ್‌ಗುಟ್ಟುವ ಎದೆಯ ಮಕ್ಕಳ ಮಾತು ಬೇರೆ. ಅಲ್ಲಿ ಇನ್‌ಹೇಲರ್ ಅಂದರೆ ಚಟ ಹಿಡಿಯುತ್ತದೆ ಎನ್ನುವ ಭಯವೇ ಉಬ್ಬಸಕ್ಕಿಂತ ದೊಡ್ಡದು. ಅದು ಚಟ ಹಿಡಿಸುವ ಔಷಧಿಯಲ್ಲ.

ಇನ್ನು ಅಪರೂಪದ ಕಾಯಿಲೆಗಳು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು ನಮ್ಮ ಕಡೆ ಹೊಲ-ಮನೆ ಒಡೆಯದಂತೆ ನೋಡಿಕೊಳ್ಳುವ ಲೆಕ್ಕಾಚಾರ. ರಾಜ್ಯದಲ್ಲಿ ಸುಮಾರು ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗುತ್ತದೆ. ಪ್ರತಿಯೊಬ್ಬರಲ್ಲೂ ಕೆಲವು ದೋಷದ ಜೀನ್‌ಗಳು ಸುಮ್ಮನೆ ಕೂತಿರುತ್ತವೆ. ಸೋದರಮಾವ-ಸೊಸೆಯ ನಡುವೆ ಕಾಲು ಪಾಲು ಜೀನ್ ಒಂದೇ ಆಗಿರುವುದರಿಂದ ಅದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ‘ಒಂದು ಹೀಗಾಯ್ತು, ಇನ್ನು ಮೂರು ಚೆನ್ನಾಗಿರ್ತಾವು’ ಎನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದಂತೆ. ಹಾಗೆಂದು ಸಂಬಂಧದಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗೇ ಇರುತ್ತಾರೆ. ದೂರದಿಂದ ಹೆಣ್ಣು ತಂದರೆ ಎಲ್ಲ ಸರಿ ಎನ್ನುವಂತೆಯೂ ಇಲ್ಲ. ನೆಲದಿಂದ ಏಳುವಾಗ ತನ್ನ ತೊಡೆಯನ್ನೇ ಊರಿಕೊಂಡು ಏಳುವ, ಮೀನಖಂಡ ದಪ್ಪಗಿದ್ದೂ ಮೆಟ್ಟಿಲು ಹತ್ತಲಾಗದ ನಾಲ್ಕೈದು ವರ್ಷದ ಗಂಡುಮಗುವಿಗೆ ಡ್ಯೂಷೆನ್ ಸ್ನಾಯು ಕ್ಷಯ ಇರಬಹುದು. ಅದಕ್ಕೂ ಸಂಬಂಧದ ಮದುವೆಗೂ ನಂಟಿಲ್ಲ.

ದೋಷವೇ ಗುಣದಂತೆ ಕಾಣುವುದೂ ಉಂಟು. ಪಟಾಕಿಗೂ ಬೆಚ್ಚದ ಕೂಸನ್ನು ‘ಪಾಪ, ಸಾಧು’ ಎಂದು ಹೊಗಳುತ್ತಾರೆ. ಕಿವಿ ಕೇಳುತ್ತದೆಯೇ ಎಂದು ನೋಡಿಸಬೇಕಾದದ್ದು ಆಗಲೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೇ ಬಂದು ಇಂಥದ್ದನ್ನು ಹುಡುಕುತ್ತದೆ. ಹೆಚ್ಚಿನ ಚಿಕಿತ್ಸೆಗೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ವಿಮ್ಸ್) ಇದೆ. ಪಟ್ಟಿಯಲ್ಲಿರುವ ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ, ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿದೆ. ನಮ್ಮ ರಾಜ್ಯದ ಕೇಂದ್ರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿದೆ.

‘ನೀವಿಬ್ಬರೂ ಸಂಬಂಧದವರಾ?’ ಎಂದು ಡಾಕ್ಟರು ಕೇಳುವುದು ಬೈಯಲಿಕ್ಕಲ್ಲ, ಯಾವ ಪರೀಕ್ಷೆ ಮಾಡಬೇಕೆಂದು ತಿಳಿಯಲಿಕ್ಕೆ. ಹಿಂದೆ ತೀರಿಕೊಂಡ ಕೂಸಿನ ವಿಷಯವನ್ನೂ ಮುಚ್ಚಿಡಬಾರದು. ಕಾಯಿಲೆಯ ಮಗುವಿನ ರಕ್ತದಲ್ಲಿ ಜೀನಿನ ದೋಷ ಯಾವುದೆಂದು ಪತ್ತೆಯಾಗಿದ್ದರೆ ಮುಂದಿನ ಬಸಿರಿನಲ್ಲಿ ಮೂರು ತಿಂಗಳು ತುಂಬುವ ಹೊತ್ತಿಗೇ ಅದನ್ನು ಪರೀಕ್ಷಿಸಬಹುದು. ಆ ಗುರುತು ಸಿಗದೆ ಮಗು ಹೋಗಿಬಿಟ್ಟರೆ, ಹೊಟ್ಟೆಯಲ್ಲಿರುವ ಕೂಸಿನಲ್ಲಿ ಏನನ್ನು ಹುಡುಕಬೇಕೆಂಬುದೇ ಡಾಕ್ಟರಿಗೆ ತಿಳಿಯುವುದು ಕಷ್ಟ.