ಗೇಮಿಂಗ್ ಲ್ಯಾಪ್‌ಟಾಪ್: ಬಿಸಿಯ ಲೆಕ್ಕಾಚಾರ

ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ‘ಸೈಬರ್‌ಪಂಕ್ 2077’ರಂಥ ಭಾರೀ ಆಟವೊಂದನ್ನು ಹಚ್ಚಿ ನೋಡಿ. ಒಂದರಲ್ಲಿ ಆಟ ಸಲೀಸಾಗಿ ಸಾಗಬಹುದು, ಇನ್ನೊಂದರಲ್ಲಿ ತಡವರಿಸಬಹುದು. ಎರಡರ ಮೇಲೂ ಅದೇ ಹಸಿರು ಸ್ಟಿಕರ್, ಒಳಗಿರುವುದೂ ಅದೇ ಚಿಪ್. ಆದರೆ ಈ ಚಿಪ್ಪಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಬೇಕಾದರೂ ಉಣಿಸುವ ಸ್ವಾತಂತ್ರ್ಯವನ್ನು ಎನ್ವಿಡಿಯಾ ಲ್ಯಾಪ್‌ಟಾಪ್ ತಯಾರಕರಿಗೆ ಬಿಟ್ಟುಕೊಟ್ಟಿದೆ. ತೆಳ್ಳಗಿನ, ಹಗುರ ಲ್ಯಾಪ್‌ಟಾಪ್ ಮಾಡುವವರು ಕಡಿಮೆ ಕೊಡುತ್ತಾರೆ, ದಪ್ಪನೆಯದನ್ನು ಮಾಡುವವರು ಪೂರ್ತಿ ಕೊಡುತ್ತಾರೆ. ಆರ್‌ಟಿಎಕ್ಸ್ 50ರ ಸರಣಿಯಲ್ಲೂ ಇದೇ ಕತೆ: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 5070ಕ್ಕೆ 50ರಿಂದ 100 ವ್ಯಾಟ್. ಮಗಳಿಗೋ ಮಗನಿಗೋ ಲ್ಯಾಪ್‌ಟಾಪ್ ಕೊಡಿಸಲು ಲಕ್ಷ ರೂಪಾಯಿ ಹೊಂದಿಸಿಕೊಂಡು ಅಂಗಡಿಗೆ ಹೋಗುವ ತಂದೆತಾಯಿಗಳಿಗೆ ಈ ವ್ಯಾಟಿನ ಸಂಗತಿ ಗೊತ್ತಿರಲೇಬೇಕು. ಏಕೆಂದರೆ ಬೆಲೆಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ.

ವ್ಯಾಟ್ ಯಾಕೆ ಇಷ್ಟು ಮುಖ್ಯ? ಚಿಪ್ಪಿಗೆ ಹರಿದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು, ಬೇರೆ ದಾರಿಯಿಲ್ಲ. ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚು ಒಮ್ಮೆ ತೆರೆದು ಮುಚ್ಚಿದಾಗ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ಒಟ್ಟು ಖರ್ಚು ಸ್ವಿಚ್ಚಿನ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಹಿಂದೆ ಟ್ರಾನ್ಸಿಸ್ಟರುಗಳು ಚಿಕ್ಕದಾದಂತೆಲ್ಲ ಅವಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತಿತ್ತು. ಹಾಗಾಗಿ ಬಿಸಿ ಹೆಚ್ಚದೆಯೇ ವೇಗ ಹೆಚ್ಚುತ್ತಿತ್ತು. ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಮೂರು ದಶಕ ನಡೆದ ಆ ಸುಗ್ಗಿ 2005ರ ಆಸುಪಾಸಿನಲ್ಲಿ ಮುಗಿಯಿತು. 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4 ತರುತ್ತೇನೆಂದಿದ್ದ ಇಂಟೆಲ್, 2004ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟು 3.8ಕ್ಕೆ ನಿಂತಿತು. ಅಲ್ಲಿಂದೀಚೆಗೆ ಕಂಪ್ಯೂಟರ್ ಎಂಜಿನಿಯರುಗಳ ದೊಡ್ಡ ಶತ್ರು ಬಿಸಿ.

ಆರ್‌ಟಿಎಕ್ಸ್ 4060ರ ಚಿಪ್ಪಿನ ವಿಸ್ತೀರ್ಣ ಸುಮಾರು 160 ಚದರ ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ ಸುಮಾರು 1,890 ಕೋಟಿ ಟ್ರಾನ್ಸಿಸ್ಟರುಗಳಿವೆ. 115 ವ್ಯಾಟ್ ಹರಿದಾಗ ಪ್ರತಿ ಚದರ ಸೆಂಟಿಮೀಟರಿನಿಂದ 70 ವ್ಯಾಟ್‌ನಷ್ಟು ಬಿಸಿ ಹೊಮ್ಮುತ್ತದೆ. ಮನೆಯ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಇದು ಐದಾರು ವ್ಯಾಟ್ ಅಷ್ಟೇ. ಇಸ್ತ್ರಿಪೆಟ್ಟಿಗೆಯ ಹತ್ತು ಪಟ್ಟಿಗಿಂತ ದಟ್ಟವಾದ ಈ ಬಿಸಿಯನ್ನು ಎರಡು ಬೆರಳು ದಪ್ಪದ ಡಬ್ಬಿಯೊಳಗಿಂದ, ನಿಮ್ಮ ಅಂಗೈ ಸುಡದ ಹಾಗೆ, ಗಂಟೆಗಟ್ಟಲೆ ಹೊರಗೆ ಸಾಗಿಸುತ್ತಿರಬೇಕು. ಗೇಮಿಂಗ್ ಲ್ಯಾಪ್‌ಟಾಪಿನ ನಿಜವಾದ ಎಂಜಿನಿಯರಿಂಗ್ ಇರುವುದೇ ಇಲ್ಲಿ. ಕೀಬೋರ್ಡಿನ ಬಣ್ಣಬಣ್ಣದ ದೀಪಗಳಿಗೂ ಅದಕ್ಕೂ ಸಂಬಂಧವಿಲ್ಲ.

ಸಾಗಿಸುವ ಕೆಲಸ ಹೀಟ್ ಪೈಪ್‌ನದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದ್ದು ಬಾಹ್ಯಾಕಾಶದಲ್ಲಿ ಬಳಸುವ ಪರಮಾಣು ವಿದ್ಯುತ್ ಯಂತ್ರಗಳಿಗಾಗಿ. ಉಪಾಯ ಬಲು ಸೊಗಸಾದದ್ದು. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಚೂರೇ ಚೂರು ನೀರು. ಒತ್ತಡ ಕಡಿಮೆ ಇರುವುದರಿಂದ ನೂರು ಡಿಗ್ರಿಗೆ ಕಾಯದೆ ಬೇಗನೆ ಆವಿಯಾಗುತ್ತದೆ. ಚಿಪ್ಪಿನ ಮೇಲಿರುವ ತುದಿಯಲ್ಲಿ ಬಿಸಿ ಹೀರಿ ಆವಿಯಾದ ನೀರು ತಂಪಾದ ಇನ್ನೊಂದು ತುದಿಗೆ ಧಾವಿಸಿ, ಅಲ್ಲಿ ಮತ್ತೆ ಹನಿಗಟ್ಟಿ ತಾನು ಹೊತ್ತುತಂದ ಬಿಸಿಯನ್ನು ಬಿಟ್ಟುಕೊಡುತ್ತದೆ. ಒಳಗೋಡೆಗೆ ಅಂಟಿಸಿದ ಸೂಕ್ಷ್ಮರಂಧ್ರಗಳ ತಾಮ್ರದ ಪದರ ಆ ನೀರನ್ನು ಹೀರಿ ಮತ್ತೆ ಬಿಸಿ ತುದಿಗೆ ತರುತ್ತದೆ. ಪಂಪಿಲ್ಲ, ಮೋಟರಿಲ್ಲ, ಸದ್ದಿಲ್ಲ. ಗಟ್ಟಿ ತಾಮ್ರದ ಸರಳಿಗಿಂತ ಎಷ್ಟೋ ಪಾಲು ಚುರುಕಾಗಿ ಅದು ಬಿಸಿಯನ್ನು ದಾಟಿಸುತ್ತದೆ. ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಕೊಳವೆಯ ಬದಲು ಅದೇ ತತ್ತ್ವದ ಚಪ್ಪಟೆ ಪೆಟ್ಟಿಗೆ ಇರುತ್ತದೆ. ಅದಕ್ಕೆ ವೇಪರ್ ಚೇಂಬರ್ ಎನ್ನುತ್ತಾರೆ.

ಕೊಳವೆಯ ತಂಪು ತುದಿಯಲ್ಲಿ ತೆಳು ತಗಡುಗಳ ಸಾಲು, ಅದರ ಮೇಲೆ ಗಾಳಿ ಊದುವ ಫ್ಯಾನು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1200 ಜೂಲ್ ಬೇಕು. ಚಿಪ್ಪುಗಳೆಲ್ಲ ಸೇರಿ 200 ವ್ಯಾಟ್ ಬಿಸಿ ಉಗುಳುತ್ತಿವೆ, ಹೊರಹೋಗುವ ಗಾಳಿ 20 ಡಿಗ್ರಿಯಷ್ಟು ಬಿಸಿಯಾಗಬಹುದು ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೂ ಎಂಟು ಲೀಟರಿಗಿಂತ ಹೆಚ್ಚು ಗಾಳಿ ಆ ಸಣ್ಣ ಸಂದಿಗಳಲ್ಲಿ ನುಗ್ಗಿ ಹೋಗಬೇಕು. ಗೇಮಿಂಗ್ ಲ್ಯಾಪ್‌ಟಾಪ್ ಅಷ್ಟು ಗದ್ದಲ ಮಾಡುವುದು ಇದಕ್ಕೇ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಆಡಿದರೆ ತಳದ ಕಿಂಡಿ ಮುಚ್ಚಿ ಈ ಗಾಳಿಯ ದಾರಿಯೇ ಕಟ್ಟಿಹೋಗುತ್ತದೆ.

ಗಾಳಿ ಹೊರಗಿನಿಂದ ಬರುವುದರಿಂದ ಊರಿನ ಬೇಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಕೋಣೆ 25 ಡಿಗ್ರಿ ಇದ್ದಾಗ 80 ಡಿಗ್ರಿ ತೋರಿಸುವ ಚಿಪ್, ಫ್ಯಾನಿನ ವೇಗ ಅಷ್ಟೇ ಇದ್ದರೆ, ಕೋಣೆ 40 ಮುಟ್ಟಿದಾಗ ಹತ್ತಿರಹತ್ತಿರ 95 ತೋರಿಸುತ್ತದೆ. ಬಹುತೇಕ ಪ್ರೊಸೆಸರ್‌ಗಳ ಮೇಲ್ಮಿತಿ 95ರಿಂದ 105 ಡಿಗ್ರಿ. ಅಲ್ಲಿಗೆ ತಲುಪಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಟದ ನಡುವೆ ಫ್ರೇಮುಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ದಿಢೀರನೆ ಕುಸಿಯುವುದಕ್ಕೆ ಇದು ಮುಖ್ಯ ಕಾರಣ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಏಸಿ ಇಲ್ಲದ ಕೋಣೆಯಲ್ಲಿ ಆಡುವವರು ತಂಪು ದೇಶಗಳಲ್ಲಿ ಬರೆದ ವಿಮರ್ಶೆಗಳ ತಾಪಮಾನದ ಅಂಕಿಗಳನ್ನು ಹಾಗೇ ನಂಬಬಾರದು. ಅದಕ್ಕೆ ಹತ್ತು ಹದಿನೈದು ಡಿಗ್ರಿ ಸೇರಿಸಿ ಓದಬೇಕು. ನಮ್ಮ ಬಿಸಿಲುನಾಡಿಗೆ ಒಂದಿಷ್ಟು ದಪ್ಪ, ಒಂದಿಷ್ಟು ಭಾರ ಇರುವ ಯಂತ್ರವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ತೆಳು ಲ್ಯಾಪ್‌ಟಾಪ್‌ಗಳೆಲ್ಲ ನಿಷ್ಪ್ರಯೋಜಕ ಎಂದಲ್ಲ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು, ವೋಲ್ಟೇಜು ವರ್ಗವಾಗಿ ಲೆಕ್ಕಕ್ಕೆ ಬರುತ್ತದೆ. ಎರಡೂ ಸೇರಿದಾಗ ವಿದ್ಯುತ್ತಿನ ಖರ್ಚು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ ಎನ್ನಬಹುದು. ಅದನ್ನೇ ತಿರುಗಿಸಿ ನೋಡಿದರೆ, ವಿದ್ಯುತ್ತನ್ನು ಅರ್ಧಕ್ಕಿಳಿಸಿದರೂ ವೇಗ ಸುಮಾರು ಶೇ 80ರಷ್ಟು ಉಳಿಯುತ್ತದೆ. ಕೊನೆಯ ಇಪ್ಪತ್ತು ಮೂವತ್ತು ವ್ಯಾಟುಗಳಿಂದ ಸಿಗುವ ಲಾಭ ಅಲ್ಪ. ಆದರೆ ತೀರಾ ಕೆಳಗೆ, 35–45 ವ್ಯಾಟಿಗೆ ಇಳಿದರೆ ಚಿಪ್ಪಿಗೆ ಕೊಟ್ಟ ಹಣ ವ್ಯರ್ಥ. 60 ವ್ಯಾಟ್‌ಗೆ ಕಟ್ಟಿಹಾಕಿದ 4070ಕ್ಕೆ 115 ವ್ಯಾಟ್ ಉಣ್ಣುವ 4060 ಸರಿಸಮ ನಿಲ್ಲಬಲ್ಲದು, ಬೆಲೆಯಲ್ಲಿ ಮಾತ್ರ ಅಗ್ಗ. ಇದೇ ಲೆಕ್ಕ ಬಳಸಿ ಕೊಂಡ ಮೇಲೂ ಲಾಭ ಪಡೆಯಬಹುದು: ಆಟದ ಫ್ರೇಮುಗಳನ್ನು ಸೆಕೆಂಡಿಗೆ 60ಕ್ಕೋ 90ಕ್ಕೋ ಮಿತಿಗೊಳಿಸಿದರೆ ಬಿಸಿಯೂ ಗದ್ದಲವೂ ಗಮನಾರ್ಹವಾಗಿ ತಗ್ಗುತ್ತವೆ.

ಹೆಸರುಗಳ ಗೊಂದಲ ಇನ್ನೂ ಒಂದಿದೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090 ಚಿಪ್ಪಿನಲ್ಲಿ 16,384 ಗಣನಾ ಘಟಕಗಳು, 24 ಜಿಬಿ ಮೆಮೊರಿ, 450 ವ್ಯಾಟ್. ಅದೇ ಅಂಕಿ ಹೊತ್ತ ಲ್ಯಾಪ್‌ಟಾಪಿನ ಚಿಪ್ಪಿನಲ್ಲಿ 9,728 ಘಟಕಗಳು, 16 ಜಿಬಿ, ಹೆಚ್ಚೆಂದರೆ 150 ವ್ಯಾಟ್. ಅಸಲಿಗೆ ಅದು ಡೆಸ್ಕ್‌ಟಾಪಿನ 4080ರಲ್ಲಿರುವ ಚಿಪ್. ಲ್ಯಾಪ್‌ಟಾಪಿನ 4070ಕ್ಕೂ 8 ಜಿಬಿಯೇ ಮೆಮೊರಿ, ಡೆಸ್ಕ್‌ಟಾಪಿನದಕ್ಕೆ 12. ಈ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಇತ್ತೀಚಿನ ದೊಡ್ಡ ಆಟಗಳು ಗರಿಷ್ಠ ಗುಣಮಟ್ಟದಲ್ಲಿ 8 ಜಿಬಿಯನ್ನು ಸುಲಭವಾಗಿ ತುಂಬಿಬಿಡುತ್ತವೆ. ಹಾಗಾಗಿ ನಾಲ್ಕೈದು ವರ್ಷ ಬಾಳಬೇಕಾದ ಯಂತ್ರದಲ್ಲಿ 6 ಜಿಬಿಯ ಗ್ರಾಫಿಕ್ಸನ್ನು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ.

ಹಾಗಾದರೆ ವ್ಯಾಟ್ ತಿಳಿಯುವುದು ಹೇಗೆ? ತಯಾರಕರ ಜಾಲತಾಣದಲ್ಲಿ ಆಯಾ ಮಾದರಿಯ ವಿವರಪಟ್ಟಿಯಲ್ಲಿ ಟಿಜಿಪಿ (ಟೋಟಲ್ ಗ್ರಾಫಿಕ್ಸ್ ಪವರ್) ಅಥವಾ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂದು ಹುಡುಕಿ. ಅಂಗಡಿಯಲ್ಲಿ ಯಂತ್ರ ಚಾಲೂ ಇದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಓದಿಕೊಳ್ಳಬಹುದು. ಎರಡೂ ಸಾಧ್ಯವಿಲ್ಲದಿದ್ದರೆ ಚಾರ್ಜರನ್ನು ತಿರುಗಿಸಿ ನೋಡಿ. ಔಟ್‌ಪುಟ್ 20 ವೋಲ್ಟ್, 11.5 ಆಂಪಿಯರ್ ಎಂದು ಅಚ್ಚಾಗಿದ್ದರೆ ಗುಣಿಸಿ, 230 ವ್ಯಾಟ್ ಆಯಿತು. 115 ವ್ಯಾಟಿನ ಗ್ರಾಫಿಕ್ಸ್, 45 ವ್ಯಾಟಿನ ಪ್ರೊಸೆಸರ್, ಪರದೆ, ಫ್ಯಾನು ಎಲ್ಲಕ್ಕೂ ಅಷ್ಟು ಸಾಕು. ಅದೇ ಸಂಯೋಜನೆಗೆ 150 ವ್ಯಾಟಿನ ಚಾರ್ಜರ್ ಕೊಟ್ಟಿದ್ದರೆ ಎರಡೂ ಚಿಪ್ಪುಗಳು ಒಟ್ಟಿಗೆ ಪೂರ್ತಿ ಓಡಲಾರವು.

ಬ್ಯಾಟರಿಯ ಮೇಲೆ ಆಡುವ ಆಸೆ ಇಟ್ಟುಕೊಳ್ಳಬೇಡಿ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅದಕ್ಕೇ ಅತಿ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ 99.9ಕ್ಕೆ ನಿಲ್ಲುತ್ತದೆ. 200 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಅರ್ಧ ಗಂಟೆಯ ಮಾತು. ಜೊತೆಗೆ ಬ್ಯಾಟರಿ ಅಷ್ಟು ರಭಸದಲ್ಲಿ ವಿದ್ಯುತ್ ಕೊಡಲಾರದು. ಪ್ಲಗ್ ಕಿತ್ತೊಡನೆ ಯಂತ್ರ ಗ್ರಾಫಿಕ್ಸಿನ ವ್ಯಾಟನ್ನು ಕತ್ತರಿಸುತ್ತದೆ. ಕರೆಂಟು ಹೋದರೆ ಆಟ ಕುಂಟುವುದು ದೋಷವಲ್ಲ, ವಿನ್ಯಾಸವೇ ಹಾಗೆ.

ಪರದೆಯ ವಿಷಯದಲ್ಲಿ ಸರಳ ಗುಣಾಕಾರ ಸಾಕು. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳು, 2560×1600ರಲ್ಲಿ 41 ಲಕ್ಷ, 4ಕೆಯಲ್ಲಿ 83 ಲಕ್ಷ. ಪ್ರತಿ ಚುಕ್ಕೆಯ ಬಣ್ಣವನ್ನೂ ಪ್ರತಿ ಫ್ರೇಮಿನಲ್ಲಿ ಲೆಕ್ಕ ಹಾಕಬೇಕಾದ್ದರಿಂದ 4060ರಂಥ ಚಿಪ್ಪಿಗೆ 4ಕೆ ಪರದೆ ಜೋಡಿಸುವುದರಲ್ಲಿ ಅರ್ಥವಿಲ್ಲ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸಿದರೆ 144 ಹರ್ಟ್ಸ್‌ನದು 6.9ಕ್ಕೊಮ್ಮೆ ತೋರಿಸುತ್ತದೆ. ‘ವ್ಯಾಲರೆಂಟ್’, ‘ಕೌಂಟರ್ ಸ್ಟ್ರೈಕ್ 2’ರಂಥ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ಗೊತ್ತಾಗುತ್ತದೆ. 144ರಿಂದ 240ಕ್ಕೆ ಏರಿದರೆ ಆಗುವ ಉಳಿತಾಯ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಸ್ಪರ್ಧೆಗೆ ಇಳಿಯುವವರಿಗೆ ಮಾತ್ರ ಅದು ಬೇಕು. ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಪೇಲವ ಎಂದರ್ಥ. ವಿಡಿಯೊ ಎಡಿಟಿಂಗ್, ಚಿತ್ರಕಲೆಗೂ ಅದೇ ಲ್ಯಾಪ್‌ಟಾಪ್ ಬಳಸುವವರು ಪೂರ್ತಿ ಎಸ್‌ಆರ್‌ಜಿಬಿ ಬಣ್ಣಶ್ರೇಣಿ ಇರುವುದನ್ನೇ ಕೇಳಿ ಪಡೆಯಿರಿ. ಮಕ್ಸ್ ಸ್ವಿಚ್ ಇದೆಯೇ ಎಂದೂ ವಿಚಾರಿಸಿ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪುಗಳಿದ್ದು, ದೊಡ್ಡದು ಬರೆದ ಚಿತ್ರ ಚಿಕ್ಕದರ ಮೂಲಕ ಹಾದು ಪರದೆ ತಲುಪುವಾಗ ಒಂದಿಷ್ಟು ವೇಗ ಸೋರುತ್ತದೆ. ಈ ಸ್ವಿಚ್ ನೇರ ದಾರಿ ತೆರೆಯುತ್ತದೆ.

ಜಾಹೀರಾತಿನಲ್ಲಿ ಸೆಕೆಂಡಿಗೆ 200–300 ಫ್ರೇಮ್ ಎಂದು ಕಂಡರೆ, ಅದರಲ್ಲಿ ‘ಫ್ರೇಮ್ ಜನರೇಶನ್’ ಸೇರಿದೆಯೇ ನೋಡಿಕೊಳ್ಳಿ. ಎರಡು ನಿಜ ಚಿತ್ರಗಳ ನಡುವೆ ಎಐ ಊಹಿಸಿ ಬರೆದ ಚಿತ್ರಗಳನ್ನು ತುರುಕುವ ಈ ತಂತ್ರದಿಂದ ನೋಟ ನಯವಾಗುತ್ತದೆ. ಆದರೆ ಮೌಸ್ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವಿನ ವಿಳಂಬ ಅದರಿಂದ ತಗ್ಗುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. 16 ಜಿಬಿ ರ್‍ಯಾಮ್ ಇರಲಿ. ಎರಡು ಸ್ಲಾಟ್ ಇರುವ ಯಂತ್ರದಲ್ಲಿ 16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿಗಳು ಮೇಲು, ಏಕೆಂದರೆ ಮಾಹಿತಿ ಹರಿಯುವ ದಾರಿ ಎರಡರಷ್ಟು ಅಗಲವಾಗುತ್ತದೆ. ಪ್ರೊಸೆಸರಿನಲ್ಲಿ ಐ5, ಐ7 ಎಂಬುದಕ್ಕಿಂತ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನ ಐ7-1355ಯು 15 ವ್ಯಾಟಿನದು, ಅದರಲ್ಲಿ ದೊಡ್ಡ ಕೋರುಗಳು ಎರಡೇ. ಐ5-12450ಎಚ್ ಅದಕ್ಕಿಂತ ಹಳೆಯದು, ಆದರೆ 45 ವ್ಯಾಟಿನದು, ದೊಡ್ಡ ಕೋರುಗಳು ನಾಲ್ಕು. ಆಟಕ್ಕೆ ಬೇಕಾದದ್ದು ಎಚ್ ಅಥವಾ ಎಚ್ಎಕ್ಸ್. ಎಸ್‌ಎಸ್‌ಡಿ ಚಿಕ್ಕದಾದರೆ ಚಿಂತೆಯಿಲ್ಲ, ಮುಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಇನ್ನೊಂದು ಹಾಕಿಸಬಹುದು. ಖಾಲಿ ಸ್ಲಾಟ್ ಇದೆಯೇ ಎಂದಷ್ಟೇ ಕೇಳಿಟ್ಟುಕೊಳ್ಳಿ. ವಿಮರ್ಶೆ ಓದುವಾಗ ಮೊದಲ ಐದು ನಿಮಿಷದ ಅಂಕಿಗಳನ್ನು ಬದಿಗಿಟ್ಟು, ಅರ್ಧ ಗಂಟೆ ಆಡಿದ ಮೇಲಿನ ಅಂಕಿಗಳನ್ನು ನೋಡಿ. ತಾಮ್ರವೂ ಮೈಯೂ ಬಿಸಿಯಾಗಿ ಒಂದು ಹದಕ್ಕೆ ಬಂದ ಮೇಲೆಯೇ ಯಂತ್ರದ ನಿಜವಾದ ತಾಕತ್ತು ತಿಳಿಯುವುದು.

ತಂದ ಮೇಲೆ ಹಿಂಬದಿಯನ್ನು ಎರಡು ಬೆರಳು ಎತ್ತರಿಸಿ ಇಡಿ. ವರ್ಷಕ್ಕೊಮ್ಮೆ ಫ್ಯಾನಿನ ದೂಳು ತೆಗೆಸಿ. ಸದಾ ಪ್ಲಗ್ಗಿನಲ್ಲೇ ಇರುವುದಾದರೆ ಬ್ಯಾಟರಿ ಚಾರ್ಜನ್ನು ಶೇ 80ಕ್ಕೆ ಮಿತಿಗೊಳಿಸಿ. ಬಿಸಿಯಲ್ಲಿ, ತುಂಬಿದ ಸ್ಥಿತಿಯಲ್ಲೇ ಇರುವ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಇಷ್ಟಾಗಿಯೂ, ಕೊಳ್ಳುವ ಮುನ್ನ ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದದ್ದು ಒಂದಿದೆ: ಈ ಯಂತ್ರ ಊರಿಂದೂರಿಗೆ ಓಡಾಡುತ್ತದೆಯೇ? ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗೋ ವಾಸ್ತುಶಿಲ್ಪವೋ ಓದುತ್ತ, ರಜೆಗೆ ಮನೆಗೆ ಹೊತ್ತು ತರುವವರಿಗೆ ನೂರು ವ್ಯಾಟ್ ಗ್ರಾಫಿಕ್ಸಿನ, ಎರಡೂಕಾಲು ಕಿಲೋ ಆಸುಪಾಸಿನ ಲ್ಯಾಪ್‌ಟಾಪ್ ಕೊಡಿಸಿ, ಅದು ಓದಿಗೂ ಆಟಕ್ಕೂ ಒದಗುತ್ತದೆ. ಮೇಜು ಬಿಟ್ಟು ಕದಲುವುದಿಲ್ಲ ಎಂದಾದರೆ ಅದೇ ಹಣಕ್ಕೆ ಡೆಸ್ಕ್‌ಟಾಪ್ ಕಟ್ಟಿಸಿ. ತಂಪಾಗಿರುತ್ತದೆ, ವೇಗವಾಗಿರುತ್ತದೆ, ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು.