ಬೆನ್ನುಚೀಲಕ್ಕೆ ಬಣ್ಣ ಯಾವುದು?

ಹಿಂದೆ ಕಾಡಿಗೆ ಹೊರಟವನ ಹೆಗಲ ಮೇಲೆ ಕೋವಿಯಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಷಿದ್ಧವಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಂದ ಬರುವ ನಾವು ಕೆಲವು ಗೆಳೆಯರು ಈಗ ಒಯ್ಯುವುದು ದುರ್ಬೀನನ್ನೂ ಒಂದು ಬೆನ್ನುಚೀಲವನ್ನೂ ಮಾತ್ರ.

ಚೀಲ ಖಾಕಿಯದೇ ಇರಬೇಕೆಂದು ನಾನೂ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ಚನ್ನಗಿರಿಯ ಕುರುಚಲು ಗುಡ್ಡವೊಂದರಲ್ಲಿ ಹಿಂದುಳಿದ ಗೆಳೆಯನ ಕಾಲು ಉಳುಕಿತು. ಬೀಸುಗಾಳಿಯಲ್ಲಿ ಅವನ ಕೂಗು ಯಾವ ದಿಕ್ಕಿನದೆಂದು ತಿಳಿಯಲಿಲ್ಲ. ಐವತ್ತು ಮಾರು ದೂರದಲ್ಲೇ ಒಣಹುಲ್ಲಿನ ನಡುವೆ ಕುಳಿತಿದ್ದವನನ್ನು ಒಂದು ಗಂಟೆ ಹುಡುಕಿದೆವು. ಅಷ್ಟರಲ್ಲಿ ಅವನ ನೀರು ಮುಗಿದು ನಾಲಗೆ ಒಣಗಿತ್ತು.

ಎದ್ದು ಕಾಣುವ ಬಣ್ಣಕ್ಕೆ ಮೃಗಗಳು ಬೆದರಿ ಓಡವೆ ಎಂದು ನೀವು ಕೇಳಬಹುದು. ಬಣ್ಣವನ್ನು ಗ್ರಹಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ 3 ಬಗೆ. ಜಿಂಕೆ, ಆಡು, ದನಗಳಲ್ಲಿ 2 ಬಗೆ ಮಾತ್ರ. ಅವಕ್ಕೆ ಕಿತ್ತಳೆ ಬಣ್ಣವು ಹಸುರಿನಲ್ಲಿ ಬೆರೆತುಹೋಗುತ್ತದೆ. ನೀಲಿಯೇ ಎದ್ದು ತೋರುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯದ ಕೊಂಡುಕುರಿಯೂ ದನದ ಕುಲದ್ದೇ. ಅದರ ಕಣ್ಣು ಬೇರೆಯಾಗಿರಲಾರದು. ಆದರೆ ಅಲುಗಾಟವನ್ನೂ ಸಪ್ಪಳವನ್ನೂ ಅದು ಥಟ್ಟನೆ ಗುರುತಿಸುತ್ತದೆ. ಆದುದರಿಂದ ಮುಳ್ಳಿಗೆ ತಗುಲಿದರೆ ಪರಪರ ಎನ್ನುವ ಗಡಸು ಬಟ್ಟೆ ಬೇಡ.

ಒಂದು ದಿನದ ಸುತ್ತಾಟಕ್ಕೆ 20 ಲೀಟರಿನ ಚೀಲ ಸಾಕು. ಅದಕ್ಕೆ ಸೊಂಟಪಟ್ಟಿಯಿರಲಿ, ನೀರಿಗೆ ಬದಿಜೇಬಿರಲಿ, ಪಟ್ಟಿಗೆ ಒಂದು ಸೀಟಿ ಕಟ್ಟಿರಲಿ. ಮುಸ್ಸಂಜೆಯಲ್ಲಿ ಕೆಂಪು, ಕಿತ್ತಳೆಗಳು ಬೇಗ ಕಪ್ಪಿಡುವುದರಿಂದ, ಬೆಳಕು ಬಿದ್ದರೆ ಮಿನುಗುವ ಪಟ್ಟಿಯೊಂದೂ ಬೇಕು. ಬಿಸಿಲಿಗೆ ಬಣ್ಣ ಮಾಸಿದ ಚೀಲವನ್ನು ಸಂತೆಗೆ ಇಟ್ಟುಕೊಳ್ಳಿ.

ಮೃಗಕ್ಕೆ ಮರೆಯಾಗಿ ಮಿತ್ರನಿಗೆ ಕಾಣುವ ಬಣ್ಣವೇ ಒಳ್ಳೆಯದು. ಕಾಲು ಉಳುಕಿದ ಗೆಳೆಯ ಈಗ ಕಿತ್ತಳೆ ಚೀಲವನ್ನೇ ಹೊರುತ್ತಾನೆ, ನಾನೂ ಅಷ್ಟೆ.